ಒಂದು ಪರಮಾಣುವಿನ ಹಾಳೆ, ಹಿರೇವಡ್ಡಟ್ಟಿಯ ನೀರು

ನನ್ನ ಸೋದರತ್ತೆ ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಗೆ ಸೊಸೆಯಾಗಿ ಹೋದವಳು. ಮಾವ ಅಲ್ಲಿ ಸಣ್ಣ ಬಟ್ಟೆಯಂಗಡಿ ಇಟ್ಟಿದ್ದರು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅತ್ತೆಯ ಬೆನ್ನು ಬಾಗಿತ್ತು, ಕುತ್ತಿಗೆ ತಿರುಗುತ್ತಿರಲಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ಅವರತ್ತ ತಿರುಗಿಸುತ್ತಿದ್ದಳು. ಎಲ್ಲರೂ ವಾತ ಎಂದೇ ತಿಳಿದಿದ್ದರು. ಗದಗ ಬೇರೆ ಜಿಲ್ಲೆಯಾಗಿ ಕೆಲವು ವರ್ಷಗಳಾದ ಮೇಲೆ, ನಾನು ಕಾಲೇಜಿನಲ್ಲಿದ್ದಾಗ, ಒಬ್ಬ ವೈದ್ಯರು ಎಕ್ಸ್‌ರೇ ನೋಡಿ ಹೇಳಿದರು: ಇದು ವಾತವಲ್ಲ, ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್ ಎಲುಬಿಗೆ ಸೇರಿಕೊಂಡಿದೆ. ಬಾಗಿದ್ದು ಇನ್ನು ನೆಟ್ಟಗಾಗುವುದಿಲ್ಲ. ನೀರು ಬದಲಿಸಿದರೆ ಹೆಚ್ಚಾಗುವುದಾದರೂ ನಿಂತೀತು.

ಮುಂದೆ ನಾನು ಸಂಶೋಧನೆಗೆ ಸೇರಿದಾಗ ಮಾರ್ಗದರ್ಶಕರು ಗ್ರಾಫೀನ್ ಮೇಲೆ ಕೆಲಸ ಮಾಡಿಸುತ್ತಿದ್ದರು. ಪೆನ್ಸಿಲ್ ಕಡ್ಡಿಯೊಳಗಿನ ಕಪ್ಪು ಪದಾರ್ಥವನ್ನು ಪದರ ಪದರವಾಗಿ ಬಿಡಿಸುತ್ತ ಹೋದರೆ ಕೊನೆಗೆ ಸಿಗುವ, ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆ ಅದು. ಉದ್ದ ಅಗಲ ಉಂಟು, ದಪ್ಪ ಇಲ್ಲವೆಂದೇ ಹೇಳಬೇಕು. ಬ್ಯಾಟರಿಗೆ, ಅನಿಲ ಪತ್ತೆ ಮಾಡುವ ಸಾಧನಕ್ಕೆ, ನೀರು ಶುದ್ಧ ಮಾಡಲು, ಎಲ್ಲಕ್ಕೂ ಅದನ್ನು ಒಗ್ಗಿಸುವ ಪ್ರಯತ್ನ ಜಗತ್ತಿನಾದ್ಯಂತ ನಡೆದಿತ್ತು.

ನಾನು ನೀರಿನ ವಿಷಯ ಕೇಳಿದೆ. ಸರ್ ಹಿಂಜರಿದರು.

"ನೀರಿನ ಕೆಲಸ ಭಾಳ ತ್ರಾಸಿಂದವ್ವಾ. ಬ್ಯಾಟರಿ ತಗೋ, ಪೇಪರ್ ಜಲ್ದಿ ಬರ್ತಾವ."

"ನೀರಿಂದ ಕೊಡ್ರಿ ಸರ್," ಎಂದೆ. ಕಾರಣ ಹೇಳಲಿಲ್ಲ. ಅವರು ಒಪ್ಪಿಕೊಂಡರು.

ಗ್ರಾಫೀನ್ ಆಕ್ಸೈಡ್ ಹಾಳೆಗಳ ಮೇಲೆ ಫ್ಲೋರೈಡನ್ನು ಹಿಡಿದಿಡುವ ಒಂದು ಲೋಹದ ಆಕ್ಸೈಡನ್ನು ಕೂರಿಸಿ, ಅದನ್ನು ನೀರು ಸೋಸುವ ಬಿಲ್ಲೆಯಾಗಿ ಮಾಡುವುದು ನನ್ನ ಕೆಲಸ. ಹಾಳೆಗಳು ಒಣಗುವಾಗ ಒಂದಕ್ಕೊಂದು ಅಂಟಿ ಮತ್ತೆ ಕಪ್ಪು ಗಟ್ಟಿಯಾಗುತ್ತಿದ್ದವು. ಅಂಟಿಕೊಳ್ಳದಂತೆ ಒಣಗಿಸುವುದನ್ನು ಕಲಿಯಲಿಕ್ಕೇ ಮೊದಲ ವರ್ಷ ಹೋಯಿತು. ಕೊನೆಗೊಂದು ದಿನ, ಶುದ್ಧ ನೀರಿಗೆ ನಾನೇ ಫ್ಲೋರೈಡ್ ಬೆರೆಸಿ ಬಿಲ್ಲೆಯ ಮೂಲಕ ಹಾಯಿಸಿದಾಗ ಕೆಳಗಿಳಿದದ್ದು ಕುಡಿಯಬಹುದಾದ ನೀರು. ಮತ್ತೆ ಮತ್ತೆ ಮಾಡಿದೆ. ಅದೇ ಫಲ. ಮನೆಗೆ ಫೋನು ಮಾಡಿ ಅಪ್ಪನಿಗೆ ಹೇಳಿದೆ. ಅಪ್ಪ ಅತ್ತೆಗೆ ಹೇಳಿದ. ಅತ್ತೆ ಓಣಿಗೆಲ್ಲ ಹೇಳಿದಳು.

ಬಿಲ್ಲೆಗಳನ್ನೂ ಫ್ಲೋರೈಡ್ ಅಳೆಯುವ ಸಣ್ಣ ಮೀಟರನ್ನೂ ಚೀಲದಲ್ಲಿಟ್ಟುಕೊಂಡು ನಾನು ಹಿರೇವಡ್ಡಟ್ಟಿಗೆ ಹೋದ ದಿನ ಅತ್ತೆಯ ಅಂಗಳದಲ್ಲಿ ಹೆಂಗಸರು ಕೊಡ ಹಿಡಿದು ಕೂತಿದ್ದರು. ಬರೀ ಪರೀಕ್ಷೆ ಮಾಡಲು ಬಂದಿದ್ದೇನೆ ಎಂದರೂ ಯಾರೂ ಏಳಲಿಲ್ಲ. ಊರಿನ ಕೊಳವೆಬಾವಿಯ ನೀರು ಸುರಿದೆ. ಮೊದಲ ಲೋಟ ತುಂಬುತ್ತಲೇ ಅತ್ತೆ ಅದಕ್ಕೆ ಕೈ ಚಾಚಿದಳು.

"ತಡಿ ಅತ್ತಿ, ನೋಡ್ತೀನಿ."

ಮೀಟರಿನ ಅಂಕಿ ಇಳಿದಿತ್ತು, ಆದರೆ ಸಾಲುವಷ್ಟಲ್ಲ. ಎರಡನೆಯ ಲೋಟದಲ್ಲಿ ಅದು ಮೇಲೇರಿತು. ಮೂರನೆಯದರಲ್ಲಿ ಬಾವಿಯ ನೀರಿಗೂ ಸೋಸಿದ ನೀರಿಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಹೊಸ ಬಿಲ್ಲೆ ಹಾಕಿದೆ. ಹಾಗೇ ಆಯಿತು.

"ಇದನ್ನ ಕುಡಿಯಾಕ ಬರೂದಿಲ್ರಿ," ಎಂದೆ. "ಅಲ್ಲೆ ಆಗಿತ್ತು. ಇಲ್ಲೆ ಆಗವಲ್ದು."

ಯಾರೂ ಬೈಯಲಿಲ್ಲ. ಒಬ್ಬೊಬ್ಬರೇ ಖಾಲಿ ಕೊಡ ಎತ್ತಿಕೊಂಡು ಹೋದರು. ಅತ್ತೆ ಲೋಟದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, "ನಾನರ ಎಲ್ಲಾರಿಗೂ ಹೇಳಿಬಿಟ್ಟಿದ್ನಿ," ಎಂದಷ್ಟೇ ಅಂದು ಒಳಗೆ ಹೋದಳು.

ಮರುದಿನ ಮುಂಜಾನೆ, ಒಂದಿಷ್ಟು ನೀರು ಕ್ಯಾನಿನಲ್ಲಿ ತುಂಬಿಕೊಂಡು ಹೋಗಲೇ ಎಂದು ಕೇಳಿದೆ.

"ಒಯ್ಯಿ. ಬೇಕಾದಷ್ಟು ಒಯ್ಯಿ. ಇಲ್ಲೆ ಅದಕ್ಕೇನ ಕೊರತಿಲ್ಲ," ಎಂದಳು. ಕ್ಯಾನಿನ ಬಾಯಿಗೆ ಲಾಳಿಕೆ ಹಿಡಿದವಳು ಅವಳೇ.

ಆಮೇಲೆ ನಾನು ಬಸ್ಸಿನಲ್ಲಿ ಕ್ಯಾನು ಕಾಲಬಳಿ ಇಟ್ಟುಕೊಂಡು ಶಿರಹಟ್ಟಿಗೆ, ಲಕ್ಷ್ಮೇಶ್ವರಕ್ಕೆ, ಸೊರಟೂರಿಗೆ ಹೋಗಿ ನೀರು ತಂದೆ. ಒಂದೊಂದನ್ನೂ ಹಾಯಿಸಿ ನೋಡಿದಾಗ ಕಾರಣ ನಿಧಾನವಾಗಿ ತಿಳಿಯಿತು. ನಮ್ಮ ನೆಲದ ನೀರಿನಲ್ಲಿ, ಅಡುಗೆ ಸೋಡಾದಲ್ಲಿರುವಂಥ ಬೈಕಾರ್ಬನೇಟ್ ವಿಪರೀತ. ಫ್ಲೋರೈಡ್ ಕೂರಬೇಕಾದ ಜಾಗದಲ್ಲಿ ಅದು ಮೊದಲೇ ಹೋಗಿ ಕೂರುತ್ತಿತ್ತು. ನಾನು ಬೆರೆಸಿದ ನೀರಿನಲ್ಲಿ ಅದು ಇರಲೇ ಇಲ್ಲ. ಲೋಹವನ್ನು ಬದಲಿಸಿ ನೋಡಿದೆ. ಸ್ವಲ್ಪ ಸುಧಾರಿಸಿತು, ಊರಿಗೆ ಕೊಡುವಷ್ಟಲ್ಲ.

ಪ್ರಬಂಧ ಬರೆಯುವಾಗ ಈ ಊರುಗಳ ನೀರಿಗೆ ಒಂದು ಅಧ್ಯಾಯವನ್ನೇ ಇಟ್ಟೆ. ಸರ್ ಓದಿ ಕನ್ನಡಕ ತೆಗೆದರು.

"ಆಗದ್ದನ್ನ ಯಾರು ಓದ್ತಾರವ್ವಾ?"

"ಓದ್ಲಿ, ಬಿಡ್ಲಿ ಸರ್. ಇದನ್ನ ಬಿಟ್ರ ಉಳಿದದ್ದು ಖರೆ ಅನ್ನಸೂದಿಲ್ರಿ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಇರ್ಲಿ ಬಿಡು," ಎಂದರು. ಆ ಅಧ್ಯಾಯವನ್ನು ಅವರೇ ಕೂತು ನನಗಿಂತ ಕಟುವಾಗಿ ತಿದ್ದಿಕೊಟ್ಟರು.

ಮೌಖಿಕ ಪರೀಕ್ಷೆಗೆ ಅಪ್ಪ ಅತ್ತೆಯನ್ನೂ ಕರೆತಂದ. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಪರದೆ ಎತ್ತರದಲ್ಲಿತ್ತು. ಕುತ್ತಿಗೆ ಎತ್ತಲಾಗದ ಅವಳ ಕಣ್ಣು ಮೊಣಕಾಲಿನ ಮೇಲೆಯೇ ಇತ್ತು. ಇಂಗ್ಲಿಷಿನ ನಡುನಡುವೆ ಊರಿನ ಹೆಸರು ಬಂದಾಗ ಮಾತ್ರ ಮೈ ಅಲುಗುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಕೊನೆಗೆ ಏನೋ ಕೇಳಿದರು, ನಾನು ಚಿಕ್ಕ ಉತ್ತರ ಕೊಟ್ಟೆ. ಹೊರಗೆ ಬಂದ ಮೇಲೆ ಅತ್ತೆ ಅದನ್ನೇ ಕೇಳಿದಳು.

"ಅವರು ಏನ ಕೇಳಿದ್ರು?"

"ಇದು ಆ ಊರಾಗ ನಡೀತದೇನು ಅಂತ."

"ನೀ ಏನಂದಿ?"

"ಇನ್ನಾ ಇಲ್ಲ ಅಂದ್ನಿ."

"ಆದ್ರೂ ಪಾಸ್ ಮಾಡಿದ್ರು?"

"ಮಾಡಿದ್ರು."

ಅತ್ತೆ ನನ್ನ ಕೈ ಹಿಡಿದುಕೊಂಡು ಬಸ್ ನಿಲ್ದಾಣದವರೆಗೂ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಅವಳ ಓಣಿಗೆ ತುಂಗಭದ್ರೆಯ ನೀರು ಪೈಪಿನಲ್ಲಿ ಬಂತು. ಯಾವ ಹೊಸ ಪದಾರ್ಥವೂ ಬೇಕಾಗಲಿಲ್ಲ. ಹೊಳೆಯ ನೀರು ಸಪ್ಪೆ ಎಂದು ಅತ್ತೆ ದೂರುತ್ತಿದ್ದಳು, ಅದನ್ನೇ ಕುಡಿದಳು. ಬೆನ್ನು ಹಾಗೇ ಇತ್ತು. ಒಂದು ಬೇಸಿಗೆಯಲ್ಲಿ ತೀರಿಕೊಂಡಳು.

ನಾನೀಗ ಗದಗಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಹೊಲದ ಮನೆಗಳಿಗೆ ಪೈಪು ಇನ್ನೂ ಹೋಗಿಲ್ಲ. ಹಿರೇಹಂದಿಗೋಳದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಹೋದ ವಾರ ಬಾಟಲಿಯಲ್ಲಿ ತಮ್ಮ ಹೊಲದ ನೀರು ತಂದು ಮೇಜಿನ ಮೇಲಿಟ್ಟಳು. ಮೊದಲು ಅದರ ಬೈಕಾರ್ಬನೇಟ್ ನೋಡಲು ಹೇಳಿದೆ.