ಗಂಗಕ್ಕನ ಇನ್ನೊಂದು ಹೆಸರು

ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಗಂಗಕ್ಕನ ಬಾಯಿಗೆ ಬೀಗವೇ ಇರಲಿಲ್ಲ. ಯಾರು ಯಾರ ಮೇಲೆ ಮುನಿಸಿಕೊಂಡರು, ಯಾರ ಹೊಸ ಸೀರೆ ಬಣ್ಣ ಬಿಟ್ಟಿತು, ಎಲ್ಲವನ್ನೂ ಕಟ್ಟೆಯ ಮೇಲೆ ಕೂತು ಹೇಳುವಳು. ಗುಳಿಗೆ ನುಂಗುವಾಗ ಮಾತ್ರ ಬಾಗಿಲು ಹಾಕಿಕೊಳ್ಳುವಳು. ಕೇಳಿದರೆ, "ನನಗೇನಾಗೇತಿ? ಕಲ್ಲಿನಂಗ ಅದೇನಿ" ಎಂದು ಎದೆ ತಟ್ಟಿಕೊಳ್ಳುವಳು.

ಅವಳಿಗೆ ಫಿಟ್ಸ್ ಇತ್ತು. ಪಕ್ಕದ ಮನೆಯ ನನಗೆ ಗೊತ್ತು. ಆಸ್ಪತ್ರೆಗೆ ಜೊತೆಗೆ ಹೋಗುತ್ತಿದ್ದವಳು ನಾನೇ. ಚೀಟಿ ಮಾಡಿಸುವಾಗ ಅವಳು ಹೇಳುತ್ತಿದ್ದುದು ಕುಪ್ಪೇಲೂರಿನ ತಂಗಿ ನೀಲವ್ವನ ಹೆಸರು. "ಕಂಪ್ಯೂಟರಿಗೆ ಹಾಕಿದ್ರ ಊರಿಗೆಲ್ಲಾ ಸಾರಿದಂಗ. ನಾಳೆ ನನ್ನ ಮಗಳನ್ನ ಯಾರು ಮಾಡ್ಕೋತಾರ?" ನನಗೆ ಸಿಟ್ಟು ಬರುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ, ಬ್ಯಾಡಗಿಯ ಒಂದು ಮನೆತನದ ಜೊತೆ ಮಗಳ ಲಗ್ನದ ಮಾತು ಪಕ್ಕಾ ಆಗಿತ್ತು.

ಅಷ್ಟರಲ್ಲಿ ನೀಲವ್ವನಿಗೇ ಪಿತ್ತಕೋಶದ ಕಲ್ಲಿನ ಆಪರೇಷನ್ ಬಂತು. ಅದೇ ಆಸ್ಪತ್ರೆ, ಕೊಟ್ಟದ್ದೂ ಅಕ್ಕನ ಫೋನ್ ನಂಬರೇ. ಹೆಸರೂ ನಂಬರೂ ಕೂಡಿಬಂದು ಗಂಗಕ್ಕ ಬರೆಸಿದ್ದ ದಾಖಲೆಯೇ ತೆರೆದುಕೊಂಡಿತು. ಕಂಪ್ಯೂಟರ್ ನೋಡಿದ ಡಾಕ್ಟರು, "ವರ್ಷಗಟ್ಟಲೆ ಫಿಟ್ಸಿನ ಗುಳಿಗಿ ತಗೊಂಡೀರಿ, ಹೇಳಬೇಕಿಲ್ಲೇನ್ರಿ?" ಎಂದು ರೇಗಿದರು. "ನಾ ಒಂದೂ ನುಂಗಿಲ್ರಿ" ಎಂದು ನೀಲವ್ವ ಅತ್ತರೂ ನಂಬಲಿಲ್ಲ. ನರ್ಸ್ ಫಿಟ್ಸಿನ ಗುಳಿಗೆ ತಂದೇಬಿಟ್ಟಳು. ರೋಗಿಯನ್ನು ನೋಡಲು ಬಂದಿದ್ದ ಬ್ಯಾಡಗಿಯ ಬೀಗತಿ ಅಲ್ಲೇ ಕುರ್ಚಿಯಲ್ಲಿದ್ದರು.

ತಂಗಿಯ ಮಂಚದ ಪಕ್ಕ ಕೂತಿದ್ದ ಗಂಗಕ್ಕ ಎದ್ದು ನಿಂತಳು. "ಆಕಿದಲ್ರಿ ಡಾಕ್ಟರ್ರ, ಅದು ನನ್ನ ಜಡ್ಡು. ಸುಳ್ಳ ಹೆಸರು ಬರಸೇನಿ. ನನ್ನ ತಂಗಿಗೆ ಅದನ್ನ ಕೊಡಬ್ಯಾಡ್ರಿ." ಆಮೇಲೆ ಬೀಗತಿಯ ಕಡೆ ತಿರುಗಿ, "ಇನ್ನ ನಿಮಗ ಬಿಟ್ಟಿದ್ರಿ" ಎಂದಳು.

ಬೀಗತಿ ನರ್ಸಿನ ಕೈಯಲ್ಲಿದ್ದ ಗುಳಿಗೆ ನೋಡಿದರು. ಗಂಗಕ್ಕನಿಗೆ, "ಇವತ್ತಿಂದು ನುಂಗೀರಿಲ್ಲೋ?" ಎಂದರು. ಗಂಗಕ್ಕ ಇಲ್ಲವೆಂದು ತಲೆಯಾಡಿಸಿದಳು. "ಮತ್ತ ಲಗೂ ನುಂಗ್ರಿ. ಲಗ್ನದಾಗ ಓಡಾಡೋರು ನೀವ." ಅಬ್ಬಾ, ನಾನು ನೀರು ತರಲು ಓಡಿದೆ.

ನೀಲವ್ವ ಗುಣವಾದಳು, ಲಗ್ನವೂ ಆಯಿತು. ಗಂಗಕ್ಕ ಈಗ ಹಾವೇರಿಗೆ ಮನೆ ಬದಲಿಸಿದ್ದಾಳೆ. ಓಣಿ ಬಿಕೋ ಎನ್ನುತ್ತದೆ. ಹೋಗುವ ಮುಂಚೆ ಕೊನೆಯ ಸಲ ಇಬ್ಬರೂ ಆಸ್ಪತ್ರೆಗೆ ಹೋಗಿ, ದಾಖಲೆಯನ್ನು ಅವಳದೇ ಹೆಸರಿಗೆ ಮಾಡಿಸಿದೆವು. ಅದು ಹಾವೇರಿಯ ಡಾಕ್ಟರಿಗೂ ಕಾಣುವಂತೆ ಮಾಡಲು ಒಪ್ಪಿಗೆ ಕೇಳಿ ಅವಳ ಫೋನಿಗೆ ಒಟಿಪಿ ಬಂತು. ಗಂಗಕ್ಕ ಫೋನನ್ನು ಅಂಗೈಯಿಂದ ಮುಚ್ಚಿಕೊಂಡು, "ಬ್ಯಾರೇದವರು ನೋಡ್ತೇವಂದ್ರ?" ಎಂದಳು.

"ಕಂಪ್ಯೂಟರು ಮೊದಲ ನಿಮ್ಮನ್ನ ಕೇಳತೈತ್ರಿ. ನೀವು ಬ್ಯಾಡಂದ್ರ ಇಲ್ಲ" ಎಂದಳು ಕೌಂಟರಿನ ಹುಡುಗಿ.

ಗಂಗಕ್ಕ ಕೈ ತೆಗೆದಳು. "ಹಂಗಾದ್ರ ನೋಡ್ಲಿ. ಕೇಳಿ ನೋಡಿದ್ರ ನನಗ್ಯಾಕ ನಾಚಿಕಿ?" ಎಂದವಳೇ ಆ ಒಟಿಪಿಯನ್ನು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದಳು.