ಬಾಣಂತಿ ನೀರುನಾಯಿ

ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಕಾಲು ಊದಿಕೊಂಡ ಮೇಲೆ ಆಕೆ ಓಡಲು ಶುರುಮಾಡಿದ್ದಳು. ಅಂಗಡಿ ತೆರೆಯುವ ಮೊದಲು, ಬೆಳ್ಳಂಬೆಳಗ್ಗೆ ಬೂಟು ಬಿಗಿದುಕೊಂಡು ಹೊರಟರೆ, ಬಸ್ಸು ಓಡಿಸುವ ಗಂಡ ಬಾಗಿಲಲ್ಲಿ ನಿಂತು ಕಿಚಾಯಿಸುತ್ತಿದ್ದ.

"ಏನೇ, ಯಾವ ಬಸ್ಸು ತಪ್ಪೋಯ್ತು?"

"ನೀವು ಮೊದ್ಲು ನಿಮ್ಮ ಹೊಟ್ಟೆ ನೋಡ್ಕೊಳ್ರೀ!"

ಊರಂಚಿನ ಜೌಗಿನ ನಡುವೆ ಏರಿಯ ಮೇಲೊಂದು ಕಾಲುದಾರಿ, ಎರಡೂ ಕಡೆ ಆಳೆತ್ತರದ ಜೊಂಡು. ಅದರಲ್ಲಿ ಊರ ಕಡೆಯ ಜೊಂಡನ್ನೆಲ್ಲ ಬಗೆದು ಮನೆ ಕಟ್ಟಲು ಈಚೆ ದಡದ ತುಂಬ ಕೆಂಪು ಗೂಟ ನೆಟ್ಟಾಗಿತ್ತು. ಇರುವಷ್ಟು ದಿನ ಓಡೋಣ ಎಂದುಕೊಂಡು ಅವಳು ಅದೇ ದಾರಿ ಹಿಡಿಯುತ್ತಿದ್ದಳು.

ಅವತ್ತು ತಿರುವು ದಾಟಿದ್ದೇ ತಡ, ಗಕ್ಕನೆ ನಿಂತಳು. ದಾರಿಯ ನಟ್ಟನಡುವೆ ಒಂದು ಪ್ರಾಣಿ. ಗಿಡ್ಡ ಕಾಲು, ಚಪ್ಪಟೆ ತಲೆ, ದಪ್ಪ ಬಾಲ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೀರುನಾಯಿ! ಬಾಯಲ್ಲಿ ಕಣ್ಣು ಪಿಳುಕಿಸುವ ಮರಿ! ಅದು ಅವಳನ್ನೊಮ್ಮೆ ದುರುಗುಟ್ಟಿ ನೋಡಿ, ದಾರಿ ದಾಟಿ ಆಚೆ ಕಡೆಯ ನೀರಿಗೆ ಜಾರಿತು. ಕೂಗು ಹೊರಬೀಳದಂತೆ ಬಾಯಿಗೆ ಕೈ ಅಡ್ಡ ಹಿಡಿದಳು. ಈಚೆಯ ಜೊಂಡಿನೊಳಗೆ ಇನ್ನೂ ಮರಿಗಳು ಕೀಚುಗುಟ್ಟುತ್ತಿದ್ದವು.

ಅಷ್ಟರಲ್ಲಿ ಗುಡುಗುಡು ಸದ್ದು. ಏರಿಯ ಮೇಲೆ ಜೆಸಿಬಿ ಬರುತ್ತಿತ್ತು.

ಹೆಗಲ ಟವೆಲ್ಲನ್ನು ಬೀಸುತ್ತ ಅವಳು ಅದರೆದುರಿಗೇ ಓಡಿದಳು. ಹಾಗೆ ಎಂದೂ ಓಡಿರಲಿಲ್ಲ.

"ನಿಲ್ಸಣ್ಣಾ, ನಿಲ್ಸು!"

"ಏನಮ್ಮಾ, ಸಾಯೋಕೆ ನನ್ ಗಾಡೀನೇ ಬೇಕಿತ್ತಾ?" ನರೆತ ತಲೆಯ ಚಾಲಕ ಗದರಿದ.

"ಬೈಯೋದು ಆಮೇಲೆ. ಇಳಿದು ಬಾ. ಅಲ್ಲೊಬ್ಬಳು ಬಾಣಂತಿ ಮರಿ ಸಾಗಿಸ್ತಿದಾಳೆ!"

ಅವನು ಗೊಣಗುತ್ತಲೇ ಎಂಜಿನ್ ಆರಿಸಿ ಬಂದ. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಉಸಿರು ಬಿಗಿಹಿಡಿದರು. ತಾಯಿ ಇನ್ನೊಂದು ಮರಿ ಕಚ್ಚಿಕೊಂಡು ಬಂತು.

"ಅಯ್ಯಯ್ಯೋ, ಆ ಮೀಸೆ ನೋಡಮ್ಮಾ! ಥೇಟ್ ನಮ್ಮ ಮಾವಂದೇ!" ಚಾಲಕ ಪಿಸುಗುಟ್ಟಿದ. ಅವಳು ನಗು ತಡೆಯಲಾಗದೆ ಟವೆಲ್ಲು ಬಾಯಿಗೆ ತುರುಕಿಕೊಂಡಳು.

ಅವನ ಫೋನು ಗುರುಗುಟ್ಟಿತು. ಕೆಲಸ ಶುರುವಾಯಿತೇ ಎಂದು ಮೇಸ್ತ್ರಿ ಕೇಳುತ್ತಿದ್ದ.

"ಸಾರ್, ಇಲ್ಲಿ ಮರಿಗಳಿದಾವೆ. ಇವತ್ತು ನನ್ ಕೈಲಾಗಲ್ಲ."

ಆ ಕಡೆಯಿಂದ ಒಂದಷ್ಟು ಬೈಗುಳ ಕೇಳಿಸಿತು. ಕೊನೆಗೆ, "ಹಾಳಾಗಿ ಹೋಗು, ಆ ತುದಿಯಿಂದ ಶುರುಮಾಡು," ಎಂದು ಮೇಸ್ತ್ರಿ ಫೋನಿಟ್ಟ. ಅವಳು ಕುಣಿದಾಡುವುದೊಂದು ಬಾಕಿ.

ವಾರದೊಳಗೆ ಈಚೆಯ ಜೊಂಡು ನೆಲಸಮವಾಯಿತು; ಅದನ್ನು ಯಾರೂ ತಡೆಯಲಾಗಲಿಲ್ಲ. ಆದರೆ ಮರಿಗಳು ಸೇರಿದ್ದ ಆಚೆ ದಡ ಗೂಟಗಳ ಹೊರಗಿತ್ತು. ರಜೆಯ ದಿನ ಗಂಡನನ್ನು ಎಳೆದುಕೊಂಡು ಹೋದಳು. ತಾಯಿ ಮರಿಗಳಿಗೆ ಈಜು ಕಲಿಸುತ್ತಿತ್ತು. ಒಂದು ಮರಿ ಮಾತ್ರ ಒಲ್ಲೆನೆಂದು ದಡದಲ್ಲೇ ಕೂತಿತ್ತು.

"ತಳ್ಳೇ, ತಳ್ಳು ಅದನ್ನ!" ಗಂಡ ಮೈಮರೆತು ಕೂಗಿಬಿಟ್ಟ.

ಬುಳುಕ್! ಎಲ್ಲವೂ ಮಾಯ. ಅವಳು ಗಂಡನ ಬೆನ್ನಿಗೊಂದು ಗುದ್ದು ಕೊಟ್ಟಳು.