ಬಿಳಿಚಿಕೊಂಡ ಕೊಂಬು

ಹಿಲ್ಮಾ ಕೊರ್ಪೇಲಾ ಮಿಶಿಗನ್ನಿನ ಉತ್ತರದ ಗಣಿ ಊರೊಂದರಲ್ಲಿ ಮೂವತ್ತೆಂಟು ವರ್ಷ ಹೆಂಗಸರ ಕೂದಲಿಗೆ ಹೊಂಬಣ್ಣ ತಂದಳು. ಅಂಗಡಿ ಮುಚ್ಚಿದ ಮೇಲೆ ಅದೇ ಹೈಡ್ರೋಜನ್ ಪೆರಾಕ್ಸೈಡಿನಿಂದ ಬೇಟೆಗಾರರು ತಂದುಕೊಡುವ ಜಿಂಕೆ ಬುರುಡೆಗಳನ್ನು ಬೆಳ್ಳಗೆ ಮಾಡತೊಡಗಿದಳು. ಈ ಗಿರಾಕಿಗಳೇ ವಾಸಿ ಎನ್ನುತ್ತಿದ್ದಳು. ಇವು ಕನ್ನಡಿ ಕೇಳುವುದಿಲ್ಲ.

ಅವಳ ಲೆಕ್ಕದಲ್ಲಿ ಅದು ನೀರೇ, ಒಂದು ಆಮ್ಲಜನಕ ಹೆಚ್ಚು, ಅಷ್ಟೆ. ಆ ಹೆಚ್ಚಿನದು ಕೂತಲ್ಲಿ ಕೂರುವ ಜಾತಿಯಲ್ಲ. ಸಿಕ್ಕಿದ್ದರ ಬಣ್ಣ ಕೆಡಿಸಿ, ನೊರೆಯೆಬ್ಬಿಸಿ ಹೊರಟುಹೋಗುತ್ತದೆ. ಉಳಿಯುವುದು ಬರೀ ನೀರು. ಬೆಳಕು ತಾಗಿದರೂ ಹೊರಡುವುದರಿಂದ ಅದಕ್ಕೆ ಕಂದು ಬಾಟಲಿ. ಔಷಧದಂಗಡಿಯಲ್ಲಿ ಸಿಗುವ ಶೇಕಡಾ ಮೂರರದ್ದು ಅಂಗಿಯ ರಕ್ತದ ಕಲೆಗೆ, ತರಕಾರಿ ಹೆಚ್ಚುವ ಹಲಗೆ ಒರೆಸುವುದಕ್ಕೆ. ಗಾಯಕ್ಕೆ ಹಾಕುವುದನ್ನು ಅವಳು ಎಂದೋ ಬಿಟ್ಟಿದ್ದಳು. ಅದು ಹೊಸದಾಗಿ ಬೆಳೆಯುವ ಚರ್ಮವನ್ನೂ ಸುಡುತ್ತದೆ. ಬುರುಡೆಗೆ ಮಾತ್ರ ಸಲೂನಿನ ಶೇಕಡಾ ಹನ್ನೆರಡರ ಕ್ರೀಮು, ಕೈಗವಸು ತೊಟ್ಟು.

ಡಿಸೆಂಬರಿನ ಒಂದು ಗುರುವಾರ ಆರ್ವೋ ಬಂದ. ಶಾಲೆ ಬಸ್ಸು ಓಡಿಸಿ ನಿವೃತ್ತನಾದವನು. "ಕೆಲಸ ಬಾಟಲಿದು, ಹೆಸರು ಹಿಲ್ಮಾದು" ಎಂದು ಕಾಫಿ ಅಂಗಡಿಯಲ್ಲಿ ತಿಂಗಳಿಡೀ ಆಡಿಕೊಂಡವನು. ಕಂಬಳಿ ಬಿಚ್ಚಿ ಮೇಜಿನ ಮೇಲೆ ಒಂದು ಬುರುಡೆ ಇಟ್ಟ. ಬುರುಡೆ ಬೆಳ್ಳಗಿತ್ತು. ಕೊಂಬುಗಳೂ ಬೆಳ್ಳಗಿದ್ದವು.

"ಇದೇನು, ಚರ್ಚಿನ ಮೇಣದಬತ್ತಿ ಸ್ಟ್ಯಾಂಡಾ?" ಎಂದಳು ಹಿಲ್ಮಾ.

"ನನ್ನ ಭಾವಮೈದ ರೂಡಿ ಹೊಡೆದ ಜಿಂಕೆ. ಇಂಥದ್ದಕ್ಕೆ ಇಪ್ಪತ್ತು ವರ್ಷ ಕಾದಿದ್ದ. ನಾನೇ ಮಾಡ್ಕೊಡ್ತೀನಿ ಅಂದ್ಬಿಟ್ಟೆ. ಭಾನುವಾರ ತಗೊಂಡೋಗಕ್ಕೆ ಬರ್ತಾನೆ."

"ಕೊಂಬಿಗೆ ಪ್ಲಾಸ್ಟಿಕ್ ಸುತ್ತಲಿಲ್ವಾ?"

"ಸುತ್ತಬೇಕಿತ್ತಾ? ದೊಡ್ಡ ಡಬ್ಬೀಲಿ ಇಡೀ ಮುಳುಗಿಸಿ ಮುಚ್ಚಳ ಒತ್ತಿದ್ದೆ."

"ಒಳಗೆ ಗಾಳಿ ತುಂಬ್ಕೊಂಡು ಮುಚ್ಚಳ ಎಲ್ಲಿಗೆ ಹಾರ್ತು?"

ಆರ್ವೋ ಬೂಟು ನೋಡಿಕೊಂಡ. "ನನ್ನ ಹೆಂಡ್ತಿ ಸೂಪಿನ ಪಾತ್ರೆಗೆ."

"ಬಾಟಲಿಗೆ ಎಲ್ಲಾ ಕೆಲಸ ಗೊತ್ತು ಅಂತಿದ್ಯಲ್ಲ. ಅದನ್ನೇ ಕೇಳ್ಬೇಕಿತ್ತು."

"ಬೈಕೋ. ಭಾನುವಾರದೊಳಗೆ ಮೊದಲಿನ ಹಾಗೆ ಮಾಡ್ಕೊಡ್ತೀಯಾ?"

ಮೊದಲಿನ ಹಾಗೆ ಎನ್ನುವವರನ್ನು ಹಿಲ್ಮಾ ಬಹಳ ನೋಡಿದ್ದಳು. ಮದುವೆಗೆ ಎರಡು ದಿನವಿರುವಾಗ ಮನೆಯಲ್ಲೇ ಬಣ್ಣ ಹಚ್ಚಿ ಕೂದಲು ಕೆಡಿಸಿಕೊಂಡು ಬರುತ್ತಿದ್ದರು. ಮೊದಲು ಹೇಗಿತ್ತೆಂಬುದು ಅವರಲ್ಲಿ ಒಬ್ಬರಿಗೂ ಸರಿಯಾಗಿ ನೆನಪಿರುತ್ತಿರಲಿಲ್ಲ. "ಫೋಟೋ ಕೊಡು," ಎಂದಳು. ಫೋನಿನಲ್ಲಿ ರೂಡಿ ಹಿಮದಲ್ಲಿ ಮಂಡಿಯೂರಿ ಹಲ್ಲು ಕಿರಿಯುತ್ತಿದ್ದ. ಕೊಂಬು ಬುಡದಲ್ಲಿ ಗಾಢ ಕಂದು, ತುದಿಗೆ ಬರುಬರುತ್ತ ತಿಳಿ.

"ಯಾರಿಗೂ ಹೇಳ್ಬೇಡ, ಹಿಲ್ಮಾ."

"ಈ ಊರಲ್ಲಿ ಯಾರ ಕೂದಲು ನಿಜವಾಗ್ಲೂ ಹೊಂಬಣ್ಣ ಅಂತ ಇವತ್ತಿನವರೆಗೆ ಬಾಯ್ಬಿಟ್ಟಿಲ್ಲ. ನಾನು ಹೇಳಲ್ಲ. ನೀನು ಹೇಳ್ತೀಯ."

"ನಾನ್ಯಾಕೆ?"

"ಜಿಂಕೆ ಅವನದು. ಅದಕ್ಕೆ ಏನಾಯ್ತು ಅಂತ ಅವನಿಗೆ ಗೊತ್ತಿರ್ಬೇಕು. ಒಪ್ಪಿದ್ರೆ ಬಿಟ್ಟೋಗು, ಇಲ್ದಿದ್ರೆ ಕಂಬಳಿ ಅಲ್ಲೇ ಇದೆ."

ಬಿಟ್ಟುಹೋದ.

ವಾಲ್‌ನಟ್ ಸಿಪ್ಪೆ ಬೇಯಿಸಿದ ಕಪ್ಪು ನೀರನ್ನು ಎರಡು ದಿನ, ಪದರದ ಮೇಲೆ ಪದರ, ಕೂದಲಿಗೆ ಬಣ್ಣ ಹಚ್ಚುವ ಬ್ರಷ್ಷಿನಿಂದಲೇ ಕೊಂಬಿಗೆ ಹಚ್ಚಿದಳು. ತುದಿಗಳನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ತಿಳಿ ಮಾಡಿದಳು.

ಭಾನುವಾರ ಆರ್ವೋನ ಹೆಂಡತಿ ಇರ್ಮಾ ಹಿಲ್ಮಾಳನ್ನೂ ಊಟಕ್ಕೆ ಕರೆದಳು. ರೂಡಿ ಬುರುಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಕಾಡಲ್ಲಿ ಕಂಡ ಹಾಗೇ ಇದೆ. ನಿಜವಾಗ್ಲೂ ನೀನೇ ಮಾಡಿದ್ಯಾ, ಭಾವ?"

ಆರ್ವೋ ತನ್ನ ತಟ್ಟೆಯ, ಮಾಂಸ ತುಂಬಿ ಸುಟ್ಟ ಪ್ಯಾಸ್ಟಿಯನ್ನು ನಾಲ್ಕು ತುಂಡು ಮಾಡಿದ. ಆಮೇಲೆ ಎಂಟು. ಹಿಲ್ಮಾ ಅವನತ್ತ ನೋಡದೆ ತನ್ನ ಪಾಡಿಗೆ ತಿನ್ನುತ್ತಿದ್ದಳು.

"ಕೊಂಬು ಹಾಳು ಮಾಡಿದ್ದು ನಾನು," ಎಂದ ಕೊನೆಗೆ. "ಬೆಳ್ಳಗಾಗಿ ಹೋಗಿತ್ತು. ಬಣ್ಣ ಬರಿಸಿದ್ದು ಹಿಲ್ಮಾ."

ರೂಡಿ ಕೊಂಬಿನ ಕವಲಿನ ಮೇಲೆ ಉಗುರಾಡಿಸಿದ. ಬಣ್ಣ ಬಿಡಲಿಲ್ಲ. "ಹೇಳದಿದ್ರೆ ಸಾಯೋವರೆಗೂ ಗೊತ್ತಾಗ್ತಿರ್ಲಿಲ್ಲ," ಎಂದು ನಕ್ಕ. "ಮುಂದಿನ ಸಲ ಇಂಥದ್ದನ್ನ ಮುಟ್ಟಬೇಡ, ಭಾವ. ಸೀದಾ ಹಿಲ್ಮಾ ಮನೆಗೇ ಹೋಗ್ತೀನಿ." ಮರುಕ್ಷಣವೇ ಅವನ ನಗು ನಿಂತಿತು. ಅವನ ಹೊಂಗೂದಲ ಹೆಂಡತಿ ಡೋರಿಸ್ ಮದುವೆಗೆ ಮುಂಚಿನಿಂದಲೂ ಹಿಲ್ಮಾಳ ಗಿರಾಕಿಯಾಗಿದ್ದವಳು.

"ಹಿಲ್ಮಾ, ಹಾಗಾದ್ರೆ ನಮ್ಮ ಡೋರಿಸ್ ಕೂದಲು..."

"ಕೆಚಪ್ ಈ ಕಡೆ ತಳ್ಳು," ಎಂದಳು ಹಿಲ್ಮಾ.